ಒಂದು ಬಾಯಿಯೋ, ಮೂರು ಬಾಯಿಯೋ?



ಮೂವತ್ತು ವರ್ಷಗಳಿಂದ ಹಳ್ಳಿಯ ಶಾಲೆಯಲ್ಲಿ ಪಾಠ ಹೇಳುತ್ತ ಬಂದ ನನಗೆ ಪ್ರಶ್ನೆ ಕೇಳುವವರ ಕೊರತೆ ಎಂದೂ ಆದದ್ದಿಲ್ಲ. ತರಗತಿಯಲ್ಲಿ ಕುಳಿತಿದ್ದಾಗ ಬಾಯಿ ಬಿಡದ ಹುಡುಗರು ಕೂಡ ಶಾಲೆ ಬಿಟ್ಟು ಹದಿನೈದು ವರ್ಷಗಳಾದ ಮೇಲೆ ಬಂದು ಕೇಳುವುದುಂಟು. ಕಳೆದ ಆಟಿ ತಿಂಗಳಲ್ಲಿ, ತೋಟಕ್ಕೆ ಕಾಲಿಡಲಾಗದಂತೆ ಮಳೆ ಹೊಯ್ಯುತ್ತಿದ್ದ ಒಂದು ಸಂಜೆ, ಅಂಥ ಹಳೆಯ ವಿದ್ಯಾರ್ಥಿಯೊಬ್ಬ ಕೊಡೆ ಮಡಚಿ ಜಗಲಿಯ ಮೇಲೆ ಕುಳಿತ. ಹೊಸ ಮನೆ ಕಟ್ಟಿಸಿದ್ದಾನೆ. ಸಂಜೆ ಹೊತ್ತು ಸಂಗೀತ ಕೇಳಬೇಕೆಂಬ ಆಸೆಯಿದೆ. "ಮಾಸ್ತರೇ, ಒಂದೇ ಸ್ಪೀಕರ್ ಇರುವ ಪೆಟ್ಟಿಗೆ ಕೊಳ್ಳುವುದೋ, ಮೂರು ಸ್ಪೀಕರ್ ಇರುವ ಪೆಟ್ಟಿಗೆ ಕೊಳ್ಳುವುದೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ" ಎಂದ.

ಉತ್ತರ ಹೇಳುವ ಮೊದಲು ನಾನು ಒಳಗೆ ತಿರುಗಿ ನೋಡಿದೆ. ನಮ್ಮ ಚಾವಡಿಯಲ್ಲಿ ಅವೆರಡೂ ಇವೆ. ಎರಡೂ ಏಕೆ ಇವೆ ಎಂಬುದಕ್ಕೆ ಒಂದು ಕತೆಯಿದೆ.

ನನ್ನ ತೀರ್ಥರೂಪರು ಕೃಷಿಕರು. ಆದರೆ ನವರಾತ್ರಿ ಬಂತೆಂದರೆ ಅವರು ಅರ್ಥಧಾರಿಗಳಾಗುತ್ತಿದ್ದರು. 1986ರ ನವರಾತ್ರಿಯಲ್ಲಿ ನಮ್ಮ ಚಾವಡಿಯಲ್ಲಿ ಒಂದು ತಾಳಮದ್ದಲೆ ಜರಗಿತು. ಕೊಲ್ಲಿ ರಾಷ್ಟ್ರದಿಂದ ರಜೆಯಲ್ಲಿ ಬಂದಿದ್ದ ಸಂಬಂಧಿಕರೊಬ್ಬರು ತಮ್ಮ ಟೇಪ್ ರೆಕಾರ್ಡರನ್ನು ಹಾರ್ಮೋನಿಯಮ್ಮಿನ ಪಕ್ಕದಲ್ಲಿಟ್ಟು ಅದನ್ನು ಧ್ವನಿಮುದ್ರಿಸಿದರು. ಆಗ ನಾನು ಪ್ರೌಢಶಾಲೆಯ ಹುಡುಗ. ಕೆಲವು ವರ್ಷಗಳಲ್ಲಿ ತಂದೆಯವರು ತೀರಿಕೊಂಡರು. ಆ ಒಂದು ಕ್ಯಾಸೆಟ್ ಉಳಿಯಿತು. ಎರಡು ವರ್ಷಗಳ ಹಿಂದೆ ನನ್ನ ಮಗ ಅದನ್ನು ಕಂಪ್ಯೂಟರಿಗೆ ಇಳಿಸಿದ. ತನ್ನ ಮೊದಲ ಸಂಬಳದಲ್ಲಿ ಮೂರು ಮೂರು ಸ್ಪೀಕರುಗಳುಳ್ಳ ಎತ್ತರದ ಎರಡು ಪೆಟ್ಟಿಗೆಗಳನ್ನು ಕೊಂಡು ತಂದು, ಚಾವಡಿಯ ಎರಡು ಮೂಲೆಗಳಲ್ಲಿ ನಿಲ್ಲಿಸಿ, ಅಜ್ಜಿಯನ್ನು ಕರೆದು ಕೂರಿಸಿದ.

ಎಂಬತ್ತು ದಾಟಿದ ನನ್ನ ತಾಯಿ ಐದು ನಿಮಿಷ ಕೇಳಿದರು. ಬಳಿಕ ಹೇಳಿದ್ದು ಇಷ್ಟೇ: "ಸ್ವರ ದೊಡ್ಡದಾಗಿದೆ ಮಗಾ. ಆದರೆ ಅವರು ಎಲ್ಲಿದ್ದಾರೆ?"

ಮಗನ ಮುಖ ಸಪ್ಪಗಾಯಿತು. ನಮ್ಮ ಮನೆಯ ಅಟ್ಟದಲ್ಲಿ ತಂದೆಯವರ ಕಾಲದ ವಾಲ್ವ್ ರೇಡಿಯೋ ಒಂದು ಇತ್ತು. 1976ರಲ್ಲಿ ಮಂಗಳೂರು ಆಕಾಶವಾಣಿ ಕೇಂದ್ರ ಆರಂಭವಾದಾಗ ಕನ್ನಡವನ್ನು ನಮ್ಮ ಮನೆಯೊಳಕ್ಕೆ ತಂದದ್ದು ಅದೇ ಪೆಟ್ಟಿಗೆ. ರೇಡಿಯೋ ಎಂದೋ ಮೌನವಾಗಿತ್ತು. ಆದರೆ ಅದರೊಳಗಿನ ಎಂಟು ಅಂಗುಲದ ಕಾಗದದ ಸ್ಪೀಕರಿಗೆ ಗೆದ್ದಲು ಮುಟ್ಟಿರಲಿಲ್ಲ. ಅದನ್ನು ಬಿಚ್ಚಿ, ಹಲಸಿನ ಹಲಗೆಯ ಒಂದು ಪೆಟ್ಟಿಗೆಗೆ ಜೋಡಿಸಿ, ಒಂದು ಸಣ್ಣ ಆಂಪ್ಲಿಫಯರಿಗೆ ತಂತಿ ಕೊಟ್ಟು, ಅದೇ ಧ್ವನಿಮುದ್ರಿಕೆಯನ್ನು ನುಡಿಸಿದೆ. ತಾಯಿ ಬಾಗಿದ ಬೆನ್ನನ್ನು ಸ್ವಲ್ಪ ನೆಟ್ಟಗೆ ಮಾಡಿಕೊಂಡರು. "ಹ್ಞಾ, ಇವರೇ" ಎಂದರು. ಆ ಭಾಗವನ್ನು ಮತ್ತೊಮ್ಮೆ ಹಾಕಿಸಿ ಕೇಳಿದರು.

ಇಲ್ಲಿಗೇ ಲೇಖನವನ್ನು ಮುಗಿಸಿ, "ಆದುದರಿಂದ ಒಂದೇ ಸ್ಪೀಕರಿನದೇ ಉತ್ತಮ" ಎಂದು ಷರಾ ಬರೆಯಬಹುದಿತ್ತು. ಆದರೆ ಒಂದು ಪ್ರಯೋಗದಿಂದ ನಿಯಮ ಹೇಳಬಾರದೆಂದು ಮಕ್ಕಳಿಗೆ ಕಲಿಸುವವನು ತಾನೇ ಹಾಗೆ ಮಾಡಬಾರದಷ್ಟೆ. ಅಂದು ಏನು ನಡೆಯಿತೆಂಬುದನ್ನು ಅರಿಯಲು ನನಗೆ ಹಲವು ತಿಂಗಳು ಹಿಡಿಯಿತು. ಅದನ್ನೇ ಇಲ್ಲಿ ಕ್ರಮವಾಗಿ ನಿರೂಪಿಸುತ್ತೇನೆ.

ಮೊದಲು ಸ್ಪೀಕರ್ ಎಂದರೇನು ಎಂಬುದನ್ನು ನೋಡೋಣ. ಒಂದು ಬಲವಾದ ಅಯಸ್ಕಾಂತ. ಅದರ ಕಿರಿದಾದ ಸಂದಿನಲ್ಲಿ ತೂಗುವ ತಾಮ್ರದ ತಂತಿಯ ಸುರುಳಿ. ಆ ಸುರುಳಿಗೆ ಅಂಟಿಸಿದ ಕಾಗದದ ಶಂಕು. ಸುರುಳಿಯಲ್ಲಿ ವಿದ್ಯುತ್ತು ಹಿಂದು ಮುಂದಾಗಿ ಹರಿದಾಗ ಶಂಕು ಹಿಂದೆ ಮುಂದೆ ಅಲುಗಿ ಗಾಳಿಯನ್ನು ತಳ್ಳುತ್ತದೆ. ಅಮೆರಿಕದ ಜನರಲ್ ಇಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬಿಬ್ಬರು ಎಂಜಿನಿಯರರು 1925ರಲ್ಲಿ ಈ ವಿನ್ಯಾಸವನ್ನು ಶಾಸ್ತ್ರೀಯವಾಗಿ ವಿವರಿಸಿದರು. ಮರುವರ್ಷವೇ ಅದು ರೇಡಿಯೋಲಾ 104 ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂತು. ನೂರು ವರ್ಷಗಳು ಸಂದರೂ ನಮ್ಮ ಮನೆಗಳ ಬಹುಪಾಲು ಸ್ಪೀಕರುಗಳು ಅದೇ ವಂಶದವು.

ಮನುಷ್ಯನ ಕಿವಿ, ಎಳೆಯ ವಯಸ್ಸಿನಲ್ಲಿ, ಸೆಕೆಂಡಿಗೆ ಸುಮಾರು 20 ಕಂಪನಗಳಿಂದ ತೊಡಗಿ 20,000 ಕಂಪನಗಳವರೆಗಿನ ಶಬ್ದವನ್ನು ಗ್ರಹಿಸಬಲ್ಲುದು. ಸೆಕೆಂಡಿಗೆ ಒಂದು ಕಂಪನಕ್ಕೆ ಒಂದು ಹರ್ಟ್ಸ್ ಎಂದು ಹೆಸರು. ಇಷ್ಟು ವಿಶಾಲವಾದ ಸೀಮೆಯನ್ನು ಒಂದೇ ಶಂಕು ಆಳಲು ಹೊರಟಾಗ ಮೂರು ತೊಡಕುಗಳು ಎದುರಾಗುತ್ತವೆ.

ಮೊದಲನೆಯದು ಚಲನೆಯ ತೊಡಕು. ಸ್ವರದ ಗಟ್ಟಿತನ ಅಷ್ಟೇ ಇರಬೇಕಾದರೆ, ಕಂಪನ ಸಂಖ್ಯೆ ಅರ್ಧಕ್ಕಿಳಿದಾಗಲೆಲ್ಲ ಶಂಕು ನಾಲ್ಕು ಪಟ್ಟು ಹೆಚ್ಚು ದೂರ ಚಲಿಸಬೇಕು. 1,000 ಹರ್ಟ್ಸಿನ ಸ್ವರಕ್ಕೆ ಒಂದು ಶಂಕು ಮಿಲಿಮೀಟರಿನ ನೂರನೇ ಒಂದು ಭಾಗ ಅಲುಗಿದರೆ ಸಾಕು ಎಂದಿಟ್ಟುಕೊಳ್ಳೋಣ. ಅಷ್ಟೇ ಗಟ್ಟಿಯಾದ 100 ಹರ್ಟ್ಸಿಗೆ ಅದು ಒಂದು ಮಿಲಿಮೀಟರ್ ಅಲುಗಬೇಕು. 50 ಹರ್ಟ್ಸಿಗೆ ನಾಲ್ಕು ಮಿಲಿಮೀಟರ್. ಚಿಕ್ಕ ಶಂಕುವಿಗೆ ಅಷ್ಟು ದೂರ ಹೋಗಿ ಬರುವ ಶಕ್ತಿಯಿರುವುದಿಲ್ಲ. ಒತ್ತಾಯಿಸಿದರೆ ಮದ್ದಲೆಯ ಪೆಟ್ಟಿನೊಡನೆ ಭಾಗವತರ ಸ್ವರವೂ ನಡುಗುತ್ತದೆ. ಏಕೆಂದರೆ ಹಾಡುತ್ತಿರುವ ಬಾಯಿಯೇ ಓಲಾಡುತ್ತಿದೆ!

ಎರಡನೆಯದು ಬಿಗಿತನದ ತೊಡಕು. ಅಡಕೆ ಹಾಳೆಯ ಬೀಸಣಿಗೆಯನ್ನು ಮೆಲ್ಲನೆ ಬೀಸಿ ನೋಡಿರಿ; ಹಾಳೆ ಪೂರ್ತಿಯಾಗಿ ಒಂದೇ ತುಂಡಿನಂತೆ ಚಲಿಸುತ್ತದೆ. ವೇಗವಾಗಿ ಬೀಸಿದರೆ ಹಿಡಿ ಒಂದೆಡೆ, ಅಂಚು ಇನ್ನೊಂದೆಡೆ. ಸ್ಪೀಕರಿನ ಶಂಕುವಿನ ಪಾಡೂ ಇದೇ. ಮಂದ್ರ ಸ್ವರಕ್ಕೆ ಅದು ಒಟ್ಟಾಗಿ ಚಲಿಸುತ್ತದೆ. ತಾರ ಸ್ವರಕ್ಕೆ ಅದರ ಭಾಗಗಳು ಒಂದೊಂದು ದಿಕ್ಕಿಗೆ ಅಲುಗುತ್ತವೆ. ಪರಿಣಾಮವಾಗಿ ಕೆಲವು ಸ್ವರಗಳು ಅಗತ್ಯಕ್ಕಿಂತ ಜೋರಾಗಿಯೂ ಕೆಲವು ಕ್ಷೀಣವಾಗಿಯೂ ಹೊರಡುತ್ತವೆ. ಅನೇಕ ಒಂಟಿ ಸ್ಪೀಕರುಗಳಲ್ಲಿ ಕೇಳಿಬರುವ, ಕಿವಿಗೆ ಚುಚ್ಚುವ ಒಂದು ಬಗೆಯ ಚೀರುಗುಣಕ್ಕೆ ಇದೇ ಮೂಲ.

ಮೂರನೆಯದು ಹರಡುವಿಕೆಯ ತೊಡಕು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. ಆದ್ದರಿಂದ 50 ಹರ್ಟ್ಸಿನ ಒಂದು ಅಲೆಯ ಉದ್ದ ಸುಮಾರು ಏಳು ಮೀಟರ್. 10,000 ಹರ್ಟ್ಸಿನ ಅಲೆಯ ಉದ್ದ ಕೇವಲ ಮೂರೂವರೆ ಸೆಂಟಿಮೀಟರ್. ಅಲೆಯು ಶಂಕುವಿನ ಅಗಲಕ್ಕಿಂತ ಚಿಕ್ಕದಾಗುತ್ತ ಹೋದಂತೆ ಶಬ್ದವು ಸುತ್ತಲೂ ಹರಡುವ ಬದಲು ಟಾರ್ಚಿನ ಬೆಳಕಿನಂತೆ ನೇರವಾಗಿ ಮುಂದಕ್ಕೆ ಹೋಗುತ್ತದೆ. ಎಂಟು ಅಂಗುಲದ ಸ್ಪೀಕರಿನಲ್ಲಿ ಇದು ಸುಮಾರು 2,000 ಹರ್ಟ್ಸಿನಲ್ಲಿಯೇ ಗೋಚರವಾಗುತ್ತದೆ. ನಾಲ್ಕು ಅಂಗುಲದ್ದರಲ್ಲಿ ಸುಮಾರು 4,000ದಲ್ಲಿ. ಸ್ಪೀಕರಿನ ಇದಿರಿಗೆ ಕುಳಿತವನಿಗೆ ಒಂದು ಸಂಗೀತ, ಪಕ್ಕದ ಬೆಂಚಿನಲ್ಲಿ ಕುಳಿತವನಿಗೆ ಇನ್ನೊಂದು.

ಈ ಮೂರು ತೊಡಕುಗಳಿಗೆ ಜಗತ್ತು ಕಂಡುಕೊಂಡ ಪರಿಹಾರ ಕೆಲಸದ ಹಂಚಿಕೆ. ಮಂದ್ರಕ್ಕೆ ದೊಡ್ಡ ವೂಫರ್, ತಾರಕ್ಕೆ ಒಂದು ಅಂಗುಲದಷ್ಟು ಕಿರಿದಾದ ಟ್ವೀಟರ್, ಬೇಕಾದರೆ ನಡುವೆ ಮತ್ತೊಂದು. ಯಾವ ಸ್ವರ ಯಾರ ಪಾಲಿಗೆ ಎಂದು ವಿಂಗಡಿಸಲು ತಂತಿಸುರುಳಿ ಮತ್ತು ಕೆಪಾಸಿಟರುಗಳಿಂದ ಮಾಡಿದ ಒಂದು ಜಾಲ. ಅದಕ್ಕೆ ಕ್ರಾಸೋವರ್ ಎನ್ನುತ್ತಾರೆ. ಪರಿಹಾರ ಯುಕ್ತವಾದುದೇ. ಆದರೆ ಕೂಡು ಕುಟುಂಬದಲ್ಲಿ ಆಸ್ತಿ ಪಾಲಾದಾಗ ವ್ಯಾಜ್ಯ ಹುಟ್ಟುವುದು ಗಡಿಯ ಕಲ್ಲಿನ ಬಳಿಯಲ್ಲಿ ತಾನೆ? ಇಲ್ಲಿಯೂ ಹಾಗೆಯೇ.

ಎರಡು ಸ್ಪೀಕರುಗಳುಳ್ಳ ಪೆಟ್ಟಿಗೆಗಳಲ್ಲಿ ಈ ಗಡಿಯು ಸಾಮಾನ್ಯವಾಗಿ 2,000ದಿಂದ 3,000 ಹರ್ಟ್ಸುಗಳ ಆಸುಪಾಸಿನಲ್ಲಿ ಬೀಳುತ್ತದೆ. ನಮ್ಮ ಕಿವಿ ಅತ್ಯಂತ ಚುರುಕಾಗಿರುವುದು 2,000ದಿಂದ 5,000 ಹರ್ಟ್ಸುಗಳ ನಡುವೆ. ಮಾತಿನ ವ್ಯಂಜನಗಳ ಸ್ಪಷ್ಟತೆ ನಿಂತಿರುವುದೂ ಬಹುಮಟ್ಟಿಗೆ ಅದೇ ಪ್ರದೇಶದ ಮೇಲೆ. ಪುರುಷನ ಮಾತಿನ ಮೂಲ ಸ್ವರ 100ರಿಂದ 130 ಹರ್ಟ್ಸ್ ಇದ್ದರೂ, ಅವನು ತಕಾರ ನುಡಿದನೋ ಟಕಾರ ನುಡಿದನೋ ಎಂದು ತಿಳಿಸುವುದು ಅದರ ಎಷ್ಟೋ ಪಟ್ಟು ಮೇಲಿನ ಕಂಪನಗಳು. ಹೀಗಾಗಿ ಒಬ್ಬನೇ ಅರ್ಥಧಾರಿಯ ಮಾತಿನ ಒಂದೇ ಅಕ್ಷರದ ಒಂದು ಪಾಲು ಕೆಳಗಿನ ಶಂಕುವಿನಿಂದಲೂ ಇನ್ನೊಂದು ಪಾಲು ಮೇಲಿನ ಟ್ವೀಟರಿನಿಂದಲೂ ಹೊರಡುತ್ತದೆ. ಎರಡರ ದ್ರವ್ಯ ಬೇರೆ, ಇರುವ ಎತ್ತರ ಬೇರೆ; ಕ್ರಾಸೋವರಿನ ಕಾರಣದಿಂದ ಅಲೆಗಳ ಹೆಜ್ಜೆಯೂ ತುಸು ಹಿಂದು ಮುಂದಾಗುತ್ತದೆ. ಗಡಿಯಲ್ಲಿ ಈ ಎರಡನ್ನೂ ಸರಿಯಾಗಿ ಬೆಸೆಯದಿದ್ದರೆ ಕೆಲವು ಸ್ವರಗಳು ಪರಸ್ಪರ ಅಳಿಸಿಹೋಗುತ್ತವೆ. ಅಗ್ಗದ ಅನೇಕ ಪೆಟ್ಟಿಗೆಗಳಲ್ಲಿ ಕ್ರಾಸೋವರ್ ಎಂಬುದು ಟ್ವೀಟರಿಗೆ ಸಿಕ್ಕಿಸಿದ ಒಂದೇ ಒಂದು ಕೆಪಾಸಿಟರ್ ಆಗಿರುತ್ತದೆ. ಅಲ್ಲಿ ಬೆಸುಗೆಯ ಮಾತೇ ಇಲ್ಲ.

ಒಂಟಿ ಸ್ಪೀಕರಿನ ಗುಣವೇನೆಂಬುದು ಈಗ ಸ್ಪಷ್ಟವಾಗುತ್ತದೆ. ಅಲ್ಲಿ ಪಾಲುಪಟ್ಟಿಯಿಲ್ಲ, ಗಡಿಕಲ್ಲಿಲ್ಲ. ಸ್ವರವೆಲ್ಲ ಒಂದೇ ಸ್ಥಳದಿಂದ, ಒಂದೇ ಬಾಯಿಯಿಂದ ಬರುತ್ತದೆ. ಹತ್ತಿರ ಕುಳಿತು ಕೇಳಿದರೂ ಮೇಲೊಂದು ಕೆಳಗೊಂದು ಎಂದು ಒಡೆಯುವುದಿಲ್ಲ. ಆಂಪ್ಲಿಫಯರ್ ಮತ್ತು ಸುರುಳಿಯ ನಡುವೆ ಶಕ್ತಿಯನ್ನು ನುಂಗುವ ಜಾಲ ಇಲ್ಲದಿರುವುದರಿಂದಲೂ, ಶಂಕು ಹಗುರವಾಗಿರುವುದರಿಂದಲೂ, ಇಂಥ ಅನೇಕ ಸ್ಪೀಕರುಗಳು ಸ್ವಲ್ಪ ವಿದ್ಯುತ್ತಿನಿಂದಲೇ ತೃಪ್ತವಾಗುತ್ತವೆ.

ಈ ಮಾರ್ಗವನ್ನು ಹಿಡಿದು ಕೊನೆಯವರೆಗೆ ಹೋದವರೂ ಇದ್ದಾರೆ. ಇಂಗ್ಲೆಂಡಿನ ಪಾಲ್ ವಾಯ್ಟ್ ಎಂಬ ಎಂಜಿನಿಯರರು ದೊಡ್ಡ ಶಂಕುವಿನ ನಡುವೆ ತಾರ ಸ್ವರಕ್ಕಾಗಿ ಇನ್ನೊಂದು ಚಿಕ್ಕ ಶಂಕುವನ್ನು ಅಂಟಿಸಿ, ಎರಡನ್ನೂ ಒಂದೇ ಸುರುಳಿಯಿಂದ ಚಲಿಸುವ ಉಪಾಯವನ್ನು ಬಳಕೆಗೆ ತಂದರು. ಮಂದ್ರದ ಕೊರತೆ ನೀಗಲು ಅದರ ಹಿಂದೆ ಮುಂದೆ ಮರದ ಕಹಳೆಗಳನ್ನು ಕಟ್ಟುವ ಪರಂಪರೆಯನ್ನು ಲೋಥರ್ ಎಂಬ ಸಂಸ್ಥೆ ಮುಂದುವರಿಸಿತು. ಜಪಾನಿನ ಫಾಸ್ಟೆಕ್ಸ್ ಸಂಸ್ಥೆಯ ಎಫ್‌ಇ 103 ಎಂಬ ನಾಲ್ಕು ಅಂಗುಲದ ಸ್ಪೀಕರ್ 1960ರ ದಶಕದಿಂದ ಹಲವು ಪರಿಷ್ಕರಣೆಗಳೊಡನೆ ನಡೆದುಬಂದಿದೆ. ಮನೆಯಲ್ಲೇ ಪೆಟ್ಟಿಗೆ ಮಾಡುವ ಹವ್ಯಾಸಿಗಳ ಪಾಲಿಗೆ ಅದು ಬಾಲಬೋಧೆಯಿದ್ದಂತೆ. ಅಮೆರಿಕದ ಧ್ವನಿಮುದ್ರಣ ಶಾಲೆಗಳಲ್ಲಿ 1970ರ ದಶಕದಿಂದೀಚೆಗೆ ಔರಾಟೋನ್ ಎಂಬ ಒಂಟಿ ಸ್ಪೀಕರಿನ ಚಿಕ್ಕ ಪೆಟ್ಟಿಗೆಯನ್ನು ದೊಡ್ಡ ಸ್ಪೀಕರುಗಳ ಪಕ್ಕದಲ್ಲೇ ಇಟ್ಟುಕೊಳ್ಳುವ ರೂಢಿ ಬೆಳೆಯಿತು. ಹಾಡುಗಾರನ ದನಿ ವಾದ್ಯಗಳ ನಡುವೆ ಸರಿಯಾಗಿ ಕೂತಿದೆಯೇ, ಸಾಮಾನ್ಯರ ರೇಡಿಯೋದಲ್ಲಿ ಅದು ಹೇಗೆ ಕೇಳೀತು ಎಂದು ಪರೀಕ್ಷಿಸಲು ಅದೇ ಅನುಕೂಲ.

ಆದರೆ ಮರುಪಕ್ಷದ ಮಾತನ್ನೂ ಕೇಳಬೇಕು. ಬ್ರಿಟನ್ನಿನ ಬಿ.ಬಿ.ಸಿ.ಯ ಎಂಜಿನಿಯರರು 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವಾಹನಗಳೊಳಗೆ ಬಳಸಲು ಎಲ್‌ಎಸ್ 3/5ಎ ಎಂಬ ಚಿಕ್ಕ ಪೆಟ್ಟಿಗೆಯನ್ನು ರೂಪಿಸಿದರು. ಅದರಲ್ಲಿ ಎರಡು ಸ್ಪೀಕರುಗಳಿವೆ. ಗಡಿ ಬೀಳುವುದು ಸುಮಾರು 3,000 ಹರ್ಟ್ಸಿನಲ್ಲಿ. ಹಾಗಿದ್ದರೂ ಮಾತಿನ ಸಹಜತೆಗಾಗಿಯೇ ಅದು ಜಗತ್ತಿನಲ್ಲಿ ಹೆಸರಾಗಿದೆ. ಕ್ರಾಸೋವರನ್ನು ತಾಳ್ಮೆಯಿಂದ ತಿದ್ದಿದರೆ ಬೆಸುಗೆ ಕಿವಿಗೆ ಬೀಳದಂತೆ ಮಾಡಬಹುದೆಂಬುದಕ್ಕೆ ಇದು ಸಾಕ್ಷಿ. ಅದಕ್ಕೂ ಬೆಲೆ ತೆರಬೇಕಷ್ಟೆ. ಒಂದು ವಾಟ್ ವಿದ್ಯುತ್ತಿಗೆ ಒಂದು ಮೀಟರ್ ದೂರದಲ್ಲಿ ಅದು ಕೊಡುವ ಶಬ್ದ ಸುಮಾರು 83 ಡೆಸಿಬೆಲ್. ಫಾಸ್ಟೆಕ್ಸಿನ ಆ ಒಂಟಿ ಸ್ಪೀಕರ್ ಕೊಡುವುದು ಸುಮಾರು 89. ಮೂರು ಡೆಸಿಬೆಲ್ ಏರಬೇಕಾದರೆ ಶಕ್ತಿ ಇಮ್ಮಡಿಯಾಗಬೇಕು ಎಂಬ ನಿಯಮದಂತೆ, ಸಮಾನ ಗಟ್ಟಿತನಕ್ಕೆ ಮೊದಲನೆಯದು ನಾಲ್ಕು ಪಟ್ಟು ವಿದ್ಯುತ್ತನ್ನು ಬೇಡುತ್ತದೆ. ಆದರೆ ಆ ಒಂಟಿ ಸ್ಪೀಕರಿನ ಸ್ವಾಭಾವಿಕ ಕಂಪನವೇ 80 ಹರ್ಟ್ಸಿನ ಆಸುಪಾಸಿನಲ್ಲಿರುವುದರಿಂದ ಅದಕ್ಕಿಂತ ಕೆಳಗೆ ಅದರ ದನಿ ಬೇಗನೆ ಕುಗ್ಗುತ್ತದೆ. ಒಂದರಲ್ಲಿ ಗಳಿಸಿದ್ದನ್ನು ಇನ್ನೊಂದರಲ್ಲಿ ಕಳೆದುಕೊಂಡಂತಾಯಿತು.

ಓದಿ ಒಪ್ಪಿಕೊಳ್ಳುವುದಕ್ಕಿಂತ ಕೇಳಿ ಒಪ್ಪಿಕೊಳ್ಳುವುದು ಮೇಲು. ನಾನು ಶಾಲೆಯಲ್ಲಿ ಮಾಡಿ ತೋರಿಸುವ ಮೂರು ಪ್ರಯೋಗಗಳನ್ನು ಮನೆಯ ಮಕ್ಕಳೊಡನೆ ನೀವೂ ಮಾಡಬಹುದು. ಕೆಟ್ಟುಹೋದ ರೇಡಿಯೋದ ಒಂದು ಸ್ಪೀಕರ್, ಒಂದು ಸಣ್ಣ ಆಂಪ್ಲಿಫಯರ್ ಇದ್ದರೆ ಸಾಕು. ಹಳೆಯ ವಾಲ್ವ್ ರೇಡಿಯೋವನ್ನು ಬಿಚ್ಚುವುದಾದರೆ, ಅದನ್ನು ವಿದ್ಯುತ್ತಿನಿಂದ ಬೇರ್ಪಡಿಸಿದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಅಪಾಯಕರವಾದ ವಿದ್ಯುತ್ತು ಉಳಿದಿರಬಹುದು. ಆ ಕೆಲಸವನ್ನು ಬಲ್ಲವರಿಂದಲೇ ಮಾಡಿಸಿರಿ.

ಮೊದಲನೆಯ ಪ್ರಯೋಗ: ಸ್ಪೀಕರನ್ನು ಪೆಟ್ಟಿಗೆಯಿಲ್ಲದೆ ಬರಿದೆ ಕೈಯಲ್ಲಿ ಹಿಡಿದು ಹಾಡು ನುಡಿಸಿರಿ. ದನಿ ತಗಡಿನಂತೆ ತೆಳುವಾಗಿರುತ್ತದೆ. ಶಂಕುವು ಮುಂದೆ ಗಾಳಿಯನ್ನು ಒತ್ತಿದಾಗ ಹಿಂದೆ ಗಾಳಿ ಸಡಿಲಾಗುತ್ತದೆ. ಮಂದ್ರದ ಅಲೆಗಳು ಉದ್ದವಾಗಿರುವುದರಿಂದ ಅಂಚನ್ನು ಸುತ್ತಿಬಂದು ಒಂದನ್ನೊಂದು ಅಳಿಸುತ್ತವೆ. ಈಗ ಒಂದು ದೊಡ್ಡ ರಟ್ಟಿನಲ್ಲಿ ಸ್ಪೀಕರಿನ ಅಳತೆಯ ತೂತು ಕೊರೆದು ಅದಕ್ಕೆ ಒತ್ತಿ ಹಿಡಿಯಿರಿ. ಮದ್ದಲೆ ತಟ್ಟನೆ ಕೋಣೆಯೊಳಕ್ಕೆ ಬಂದಂತಾಗುತ್ತದೆ. ಸ್ಪೀಕರಿಗೆ ಪೆಟ್ಟಿಗೆ ಅಲಂಕಾರಕ್ಕಲ್ಲ ಎಂಬುದು ಮಕ್ಕಳಿಗೆ ಒಂದೇ ಕ್ಷಣದಲ್ಲಿ ಮನದಟ್ಟಾಗುತ್ತದೆ. ಹಿಂದಿನ ಅಲೆಯನ್ನೂ ವ್ಯರ್ಥಗೊಳಿಸದೆ ಒಂದು ರಂಧ್ರದ ಮೂಲಕ ಹೊರಗೆ ತಂದು ಮಂದ್ರಕ್ಕೆ ಬಲ ಕೊಡುವ ಪೆಟ್ಟಿಗೆಯನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಆಲ್ಬರ್ಟ್ ಥುರಾಸ್ 1930ರ ದಶಕದ ಆರಂಭದಲ್ಲಿಯೇ ರೂಪಿಸಿದ್ದರು. ಒಂಟಿ ಸ್ಪೀಕರಿನವರಿಗೆ ಇಂಥ ಉಪಾಯಗಳೇ ಆಸರೆ.

ಎರಡನೆಯ ಪ್ರಯೋಗ: ವಾರ್ತೆಯನ್ನೋ ಮಾತನ್ನೋ ನುಡಿಸುತ್ತ, ಸ್ಪೀಕರಿನ ಇದಿರಿನಿಂದ ಮೆಲ್ಲನೆ ಪಕ್ಕಕ್ಕೆ ನಡೆಯಿರಿ. ಸಕಾರ ಶಕಾರಗಳ ಹರಿತ ಎಲ್ಲಿ ಮೊಂಡಾಗುತ್ತದೆ ಎಂದು ನೆಲದಲ್ಲಿ ಸೀಮೆಸುಣ್ಣದಿಂದ ಗುರುತಿಸಿರಿ. ಎಂಟು ಅಂಗುಲದ್ದಕ್ಕೂ ನಾಲ್ಕು ಅಂಗುಲದ್ದಕ್ಕೂ ಆ ಗೆರೆ ಬೇರೆ ಬೇರೆ ಕಡೆ ಬೀಳುತ್ತದೆ. ಮನೆಯಲ್ಲಿ ಎಲ್ಲಿ ಕುಳಿತು ಕೇಳಬೇಕು ಎಂಬುದನ್ನು ಆ ಗೆರೆಯೇ ಹೇಳುತ್ತದೆ.

ಮೂರನೆಯ ಪ್ರಯೋಗ ಎರಡು ಪೆಟ್ಟಿಗೆಗಳಿರುವವರಿಗೆ: ಒಂದೂವರೆ ವೋಲ್ಟಿನ ಶುಷ್ಕಕೋಶವನ್ನು ಸ್ಪೀಕರಿನ ತಂತಿಗಳಿಗೆ ಒಂದು ಕ್ಷಣ ಮುಟ್ಟಿಸಿರಿ. ಶಂಕು ಮುಂದಕ್ಕೆ ಹಾರಿದರೆ ಕೋಶದ ಧನ ತುದಿಗೆ ತಗಲಿದ ತಂತಿಯನ್ನು ಗುರುತಿಸಿಕೊಳ್ಳಿರಿ. ಎರಡನೆಯ ಸ್ಪೀಕರಿಗೂ ಹಾಗೆಯೇ ಮಾಡಿ, ಎರಡರ ತಂತಿಗಳನ್ನೂ ಒಂದೇ ಕ್ರಮದಲ್ಲಿ ಜೋಡಿಸಿರಿ. ಒಂದು ತಿರುಗುಮುರುಗಾದರೆ ಮಂದ್ರ ಮಾಯವಾಗಿ, ಹಾಡುಗಾರ ಎರಡು ಪೆಟ್ಟಿಗೆಗಳ ನಡುವೆ ನಿಲ್ಲದೆ ಎಲ್ಲೆಲ್ಲಿಯೋ ತೇಲುತ್ತಾನೆ. ಸಾವಿರಾರು ರೂಪಾಯಿ ಕೊಟ್ಟು ಕೊಂಡ ಪೆಟ್ಟಿಗೆಗಳೂ ಈ ಒಂದು ತಪ್ಪಿನಿಂದ ಕೆಟ್ಟ ಹೆಸರು ಪಡೆಯುವುದುಂಟು.

ಈ ಪ್ರಯೋಗಗಳನ್ನೆಲ್ಲ ಮಾಡುತ್ತ ನಾನು ಮಗನ ಪೆಟ್ಟಿಗೆಗಳ ಕಡೆಗೆ ಮರಳಿದೆ. ಅವನ ಉಡುಗೊರೆ ಮೂಲೆಗುಂಪಾಗಿ ನಿಂತದ್ದು ನನಗೆ ನೋವಿನ ವಿಷಯವೇ ಆಗಿತ್ತು. ಮೂಲೆಗುಂಪು ಎಂದೆನಷ್ಟೆ, ತಪ್ಪು ಇದ್ದದ್ದು ಅಕ್ಷರಶಃ ಅಲ್ಲಿಯೇ! ಎರಡು ಗೋಡೆ ಮತ್ತು ನೆಲ ಸೇರುವ ಮೂಲೆಯಲ್ಲಿಟ್ಟ ಸ್ಪೀಕರಿನ ಮಂದ್ರ ಸ್ವರ ಬಹಳವಾಗಿ ಉಬ್ಬುತ್ತದೆ. ಆ ಗುಂಯ್‌ಗುಟ್ಟುವಿಕೆ ಮಾತಿನ ಸ್ಪಷ್ಟತೆಯನ್ನು ಮುಚ್ಚಿಬಿಡುತ್ತದೆ. ಪೆಟ್ಟಿಗೆಗಳನ್ನು ಮೂಲೆಯಿಂದ ಮೂರಡಿ ಹೊರಗೆ ತಂದು, ಕೇಳುವವರ ಕಡೆಗೆ ಸ್ವಲ್ಪ ತಿರುಗಿಸಿ ಇಟ್ಟೆವು. ತಂದೆಯವರ ಮಾತು ಅರ್ಧದಷ್ಟು ಮರಳಿ ಬಂತು.

ಉಳಿದರ್ಧದ ಗುಟ್ಟು ಕ್ಯಾಸೆಟ್ಟಿನಲ್ಲಿತ್ತು. ಹಳೆಯ ಕ್ಯಾಸೆಟ್ಟಿನಲ್ಲಿ ಮಳೆಯ ಸದ್ದಿನಂತೆ ಒಂದು ಸುಯ್ಲು ಸದಾ ಇರುತ್ತದೆ. ಒಳ್ಳೆಯ ಟ್ವೀಟರ್ ತನ್ನ ಧರ್ಮಕ್ಕೆ ಅನುಸಾರವಾಗಿ ಅದನ್ನೂ ಪೂರ್ತಿಯಾಗಿ ಒಪ್ಪಿಸುತ್ತದೆ. ಮಧ್ಯಮ ತರಂಗದ ರೇಡಿಯೋ ಪ್ರಸಾರಕ್ಕೆಂದು ಹುಟ್ಟಿದ ಎಂಟು ಅಂಗುಲದ ಕಾಗದಕ್ಕೆ ಅಷ್ಟು ಎತ್ತರದ ಸ್ವರ ಹೇಳಲು ಬಾರದು. ಆದ್ದರಿಂದ ಸುಯ್ಲೂ ಇಲ್ಲ. ಹಾಗಾದರೆ ನಾವು ಸ್ಪಷ್ಟತೆ ಎಂದು ಕೊಂಡಾಡಿದ್ದರಲ್ಲಿ ಒಂದು ಪಾಲು ಸ್ಪೀಕರಿನ ಅಸಾಮರ್ಥ್ಯವೇ ಆಗಿತ್ತು! ಇದನ್ನು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಕಷ್ಟವಾಯಿತು, ಆದರೆ ಸತ್ಯ ಸತ್ಯವೇ. ಮೇಲಾಗಿ, ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತಾರ ಸ್ವರಗಳನ್ನೇ. ಒಂಟಿ ಸ್ಪೀಕರ್ ಬಿಟ್ಟುಬಿಡುವ ತುದಿ ಎಂಬತ್ತು ದಾಟಿದ ನನ್ನ ತಾಯಿಗೆ ಹೇಗೂ ಕೇಳಿಸುವಂತಿಲ್ಲ. ಅವರ ಪಾಲಿಗೆ ಅದು ನಷ್ಟವೇ ಅಲ್ಲ. ದೂರವಾಣಿಯಲ್ಲಿ ಬಹುಕಾಲ 300ರಿಂದ 3,400 ಹರ್ಟ್ಸುಗಳನ್ನಷ್ಟೇ ಕಳಿಸುತ್ತಿದ್ದರೂ ನಾವು ನಮ್ಮವರ ದನಿಯನ್ನು ಗುರುತಿಸುತ್ತಿರಲಿಲ್ಲವೇ? ನಡುವಣ ಸ್ವರ ಸರಿಯಾಗಿದ್ದರೆ ಗುರುತು ಸಿಗುತ್ತದೆ.

ಅದೇ ಧ್ವನಿಮುದ್ರಿಕೆಯಲ್ಲಿ ಮುಂದೆ ಯುದ್ಧದ ಪ್ರಸಂಗ ಬರುತ್ತದೆ, ಚೆಂಡೆ ಏಳುತ್ತದೆ. ಅಲ್ಲಿ ಹಳೆಯ ಸ್ಪೀಕರ್ ಸೋತಿತು. ಚೆಂಡೆಯ ಪೆಟ್ಟು ರಟ್ಟಿನ ಪೆಟ್ಟಿಗೆಗೆ ಹೊಡೆದಂತೆ, ತಾಳದ ಝಣತ್ಕಾರ ಮಂಜು ಮುಸುಕಿದಂತೆ. ಗಟ್ಟಿಯಾಗಿಸಿದರೆ ಭಾಗವತರ ಸ್ವರ ಒಡೆಯಿತು. ಮೂರು ಸ್ಪೀಕರಿನ ಪೆಟ್ಟಿಗೆಗಳಲ್ಲಿ ಅದೇ ಚೆಂಡೆ ಅಂಗಳದಲ್ಲಿ ನಿಂತು ಬಾರಿಸಿದಂತಿತ್ತು. ಆಗ ಮಗನ ಮುಖ ನೋಡಬೇಕಿತ್ತು.

ಇನ್ನು ಜಗಲಿಯಲ್ಲಿ ಕುಳಿತ ನನ್ನ ವಿದ್ಯಾರ್ಥಿಗೆ ಕೊಟ್ಟ ಉತ್ತರ. ಕೊಳ್ಳುವ ಮೊದಲು ಮೂರು ಪ್ರಶ್ನೆಗಳನ್ನು ನಿನಗೆ ನೀನೇ ಕೇಳಿಕೋ ಎಂದೆ. ಏನನ್ನು ಕೇಳುತ್ತಿ? ಎಷ್ಟು ಗಟ್ಟಿಯಾಗಿ ಕೇಳುತ್ತಿ? ಎಷ್ಟು ಮಂದಿ ಕೇಳುತ್ತೀರಿ?

ಹತ್ತು ಹನ್ನೆರಡು ಅಡಿಯ ಕೋಣೆ, ಆರೇಳು ಅಡಿ ದೂರದಲ್ಲಿ ಒಬ್ಬಿಬ್ಬರು ಕುಳಿತು, ಮನೆಯವರ ನಿದ್ದೆ ಕೆಡದಷ್ಟು ಮೆಲ್ಲನೆ, ಮಾತು, ಗಾಯನ, ಕೊಳಲು, ವೀಣೆ ಕೇಳುವುದಾದರೆ ಒಂದು ಒಳ್ಳೆಯ ಒಂಟಿ ಸ್ಪೀಕರಿನ ಜೋಡಿ ಕಡಿಮೆ ಖರ್ಚಿನಲ್ಲಿ ಹೆಚ್ಚು ಸಂತೋಷ ಕೊಟ್ಟೀತು. ನಾಲ್ಕು ಅಂಗುಲದ್ದು ಮಂದ್ರವನ್ನು ಬಿಟ್ಟುಕೊಟ್ಟು ಹರಡುವಿಕೆಯನ್ನು ಉಳಿಸಿಕೊಳ್ಳುತ್ತದೆ. ಎಂಟು ಅಂಗುಲದ್ದು ಮಂದ್ರವನ್ನು ಉಳಿಸಿಕೊಂಡು ಹರಡುವಿಕೆಯನ್ನು ಬಿಟ್ಟುಕೊಡುತ್ತದೆ. ಮನೆ ತುಂಬ ನೆಂಟರು, ವಿಶಾಲವಾದ ಚಾವಡಿ, ಚೆಂಡೆ, ನಾಗಸ್ವರ, ಸಿನೆಮಾ ಎಂದಾದರೆ ಒಂಟಿ ಸ್ಪೀಕರನ್ನು ಹಿಂಸಿಸಬಾರದು. ಎರಡು ಅಥವಾ ಮೂರು ಸ್ಪೀಕರುಗಳ ಪೆಟ್ಟಿಗೆಯನ್ನೇ ತರಬೇಕು. ಆದರೆ ಎಣಿಕೆ ನೋಡಿ ಮರುಳಾಗಬಾರದು. ಅದೇ ಬೆಲೆಗೆ ಚೆನ್ನಾಗಿ ಬೆಸೆದ ಎರಡು ಸ್ಪೀಕರುಗಳು, ಬೆಸುಗೆಯಿಲ್ಲದ ಮೂರಕ್ಕಿಂತ ಮೇಲು. ನಡುವಣ ದಾರಿಯೂ ಒಂದಿದೆ: ಒಂಟಿ ಸ್ಪೀಕರಿಗೆ ನಡುವಣ ಮತ್ತು ಮೇಲಿನ ಸ್ವರಗಳನ್ನು ಬಿಟ್ಟು, ಸುಮಾರು 100 ಹರ್ಟ್ಸಿನಿಂದ ಕೆಳಗಿನದನ್ನಷ್ಟೇ ಒಂದು ಪ್ರತ್ಯೇಕ ಸಬ್‌ವೂಫರಿಗೆ ಒಪ್ಪಿಸುವುದು. ಗಡಿಕಲ್ಲು ಆಗ ಮಾತಿನ ವ್ಯಂಜನಗಳಿಂದ ಬಹುದೂರ ಸರಿಯುತ್ತದೆ.

ನಮ್ಮ ಕರಾವಳಿಯ ಮಳೆಗಾಲದ ಬಗ್ಗೆ ಒಂದು ಮಾತು. ಶಂಕುವಿನ ಅಂಚು ಸ್ಪಂಜಿನಂಥ ಫೋಮಿನದಾದರೆ ತೇವಕ್ಕೆ ಕೆಲವೇ ವರ್ಷಗಳಲ್ಲಿ ಪುಡಿಯಾಗುತ್ತದೆ; ಬಟ್ಟೆಯ ಅಥವಾ ರಬ್ಬರಿನ ಅಂಚು ಹೆಚ್ಚು ಬಾಳುತ್ತದೆ. ಪೆಟ್ಟಿಗೆಯನ್ನು ಗೋಡೆಗೆ ತಾಗಿಸದೆ, ನೆಲದಿಂದ ಎತ್ತರದಲ್ಲಿಡಿರಿ. ಆಟಿಯಲ್ಲಿ ದಿನಕ್ಕೊಮ್ಮೆಯಾದರೂ ನುಡಿಸಿರಿ. ಬೂಷ್ಟು ಹಿಡಿಯುತ್ತಿದ್ದರೆ ಬೇಗನೆ ಕಣ್ಣಿಗೆ ಬೀಳುತ್ತದೆ.

ನನ್ನ ವಿದ್ಯಾರ್ಥಿ ಎಲ್ಲವನ್ನೂ ಕೇಳಿ, "ಹಾಗಾದರೆ ಎಲ್ಲವನ್ನೂ ಸರಿಯಾಗಿ ಹೇಳುವ ಸ್ಪೀಕರ್ ಇಲ್ಲವೇ ಮಾಸ್ತರೇ?" ಎಂದ. ಹತ್ತಿರ ಹತ್ತಿರ ಹೋಗುವಂಥವು ಇವೆ. ಅವುಗಳ ಬೆಲೆಯೂ ಹಾಗೆಯೇ ಇದೆ. ನಮ್ಮಂಥವರ ಮನೆಗೆ ಬರುವ ಪ್ರತಿಯೊಂದು ಪೆಟ್ಟಿಗೆಯೂ ಏನನ್ನೋ ಬಿಟ್ಟೇ ಬರುತ್ತದೆ. ಬಿಟ್ಟದ್ದು ಏನೆಂಬುದು ಕೊಳ್ಳುವವನಿಗೆ ಮೊದಲೇ ತಿಳಿದಿದ್ದರೆ ಮನೆಗೆ ತಂದ ಮೇಲೆ ಪಶ್ಚಾತ್ತಾಪವಿಲ್ಲ. ಅವನು ಮೊನ್ನೆ ಎರಡು ಚಿಕ್ಕ ಒಂಟಿ ಸ್ಪೀಕರುಗಳನ್ನು ತಂದಿದ್ದಾನೆ. ಪೆಟ್ಟಿಗೆಗೆ ಹಲಸಿನ ಹಲಗೆ ಕೇಳಿಕೊಂಡು ಬಂದಿದ್ದ, ಕೊಟ್ಟಿದ್ದೇನೆ.

ನಮ್ಮ ಚಾವಡಿಯಲ್ಲಿ ಈಗ ಎರಡೂ ಇವೆ. ಭಾನುವಾರ ಮೊಮ್ಮಕ್ಕಳು ಬಂದಾಗ ಎತ್ತರದ ಪೆಟ್ಟಿಗೆಗಳಲ್ಲಿ ಚೆಂಡೆ ಮೊಳಗುತ್ತದೆ. ಉಳಿದ ದಿನ ಸಂಜೆ ದೀಪ ಹಚ್ಚಿದ ಮೇಲೆ ತಾಯಿ ತಮ್ಮ ಮಣೆಯನ್ನು ಹಲಸಿನ ಪೆಟ್ಟಿಗೆಯ ಇದಿರಿಗೆ ಎಳೆದುಕೊಳ್ಳುತ್ತಾರೆ. ಸೀಮೆಸುಣ್ಣದ ಗೆರೆಯ ಒಳಗೆ ಕೂರಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಪ್ರತಿದಿನವೂ ಅಲ್ಲಿಯೇ ಕೂರುತ್ತಾರೆ.